ಗೋಡೆ ದಪ್ಪ ಮಾಡಬೇಡಿ, ಎರಡು ಮಾಡಿ: ಉಪಗ್ರಹವನ್ನು ಕಸದ ಹೊಡೆತದಿಂದ ಉಳಿಸುವ ಬಗೆ

ಬಾಹ್ಯಾಕಾಶದ ಕಸ ಬಡಿಯುತ್ತೆ ಅಂದ ತಕ್ಷಣ ಎಲ್ಲರಿಗೂ ಮೊದಲು ಹೊಳೆಯುವುದು ತಗಡು ದಪ್ಪ ಮಾಡೋಣ ಅಂತ. ಬೇಡ. ಕೆಳಕಕ್ಷೆಯಲ್ಲಿ ಚೂರುಗಳು ಸರಾಸರಿ ಸೆಕೆಂಡಿಗೆ 10 ಕಿ.ಮೀ. ವೇಗದಲ್ಲಿ ಬಡಿಯುತ್ತವೆ. 7 ಕಿ.ಮೀ. ಅಂತಲೇ ಹಿಡಿದರೂ, 3 ಮಿ.ಮೀ. ಅಲ್ಯೂಮಿನಿಯಂ ಗುಂಡನ್ನು ಒಂದೇ ತಗಡಿನಲ್ಲಿ ತಡೆಯಲು ಸುಮಾರು 1 ಸೆಂ.ಮೀ. ದಪ್ಪ ಬೇಕು. ಅಷ್ಟು ತೂಕ ಹೊತ್ತುಕೊಂಡು ಹೋಗೋಕೆ ಯಾರು ದುಡ್ಡು ಕೊಡ್ತಾರೆ?

ಇದಕ್ಕೆ ದಾರಿ ತೋರಿಸಿದ್ದು ಅಮೆರಿಕದ ಖಗೋಳಜ್ಞ ಫ್ರೆಡ್ ವಿಪ್ಪಲ್, 1940ರ ದಶಕದಲ್ಲೇ. ಹೊರಗೆ ಒಂದು ತೆಳು ತಗಡು, ನಡುವೆ ಖಾಲಿ ಜಾಗ, ಹಿಂದೆ ನಿಜವಾದ ಗೋಡೆ. ಚೂರು ತೆಳು ತಗಡಿಗೆ ಬಡಿದ ಕ್ಷಣದಲ್ಲಿ ಹುಟ್ಟುವ ಆಘಾತ ತರಂಗ ಆ ಚೂರನ್ನೂ ತಗಡಿನ ಅಷ್ಟು ಭಾಗವನ್ನೂ ಪುಡಿ ಮಾಡಿ ಕರಗಿಸಿಬಿಡುತ್ತದೆ. ಆ ಪುಡಿಯ ಮೋಡ ಖಾಲಿ ಜಾಗದಲ್ಲಿ ಹರಡಿಕೊಂಡು ಹಿಂದಿನ ಗೋಡೆಯ ಅಗಲಕ್ಕೆ ಬೀಳುವುದರಿಂದ ಒಂದೇ ಕಡೆ ತೂತು ಬೀಳುವುದು ತಪ್ಪುತ್ತದೆ.

ಲೆಕ್ಕ ಹೀಗೆ. ಮೊದಲು ಎಷ್ಟು ದೊಡ್ಡ ಚೂರನ್ನು ತಡೆಯಬೇಕು ಅಂತ ತೀರ್ಮಾನಿಸಿ. ಹೊರ ತಗಡು ಚೂರಿನ ವ್ಯಾಸದ ಕಾಲು ಭಾಗ ಇರಲಿ, ಅಂತರ ವ್ಯಾಸದ 30 ಪಟ್ಟು ದಾಟಿದರೆ ಐದನೇ ಒಂದು ಭಾಗ ಸಾಕು. ಅಂದರೆ 3 ಮಿ.ಮೀ. ಚೂರಿಗೆ 0.6 ಮಿ.ಮೀ. ತಗಡು, 9 ಸೆಂ.ಮೀ. ಅಂತರ, ಹಿಂದೆ ಗಟ್ಟಿ ಮಿಶ್ರಲೋಹದ ಸುಮಾರು 1 ಮಿ.ಮೀ. ಗೋಡೆ. 1 ಸೆಂ.ಮೀ. ಮಾಡುತ್ತಿದ್ದ ಕೆಲಸವನ್ನು ಎರಡು ಮಿ.ಮೀ.ಗೂ ಕಡಿಮೆ ಲೋಹ ಮಾಡುತ್ತದೆ. ಜಾಗ ಇದ್ದರೆ ಅಂತರ ಜಾಸ್ತಿ ಮಾಡಿ, ಅದಕ್ಕೆ ತೂಕ ಇಲ್ಲ ಅಲ್ವಾ.

ಉಪಗ್ರಹದ ಮೈಗೆ ಬಳಸುವ ಜೇನುಗೂಡು ಪ್ಯಾನೆಲ್‌ಗೂ ಎರಡು ತಗಡು ಇದೆಯಲ್ಲ, ಅದೇ ಸಾಕು ಅನ್ನಬೇಡಿ. ಒಳಗಿನ ಕೋಶಗಳು ಮೋಡವನ್ನು ಹರಡಲು ಬಿಡದೆ ಕೊಳವೆಯ ಹಾಗೆ ನೇರ ಹಿಂದಕ್ಕೆ ತಳ್ಳುತ್ತವೆ.

ಇನ್ನೊಂದು ವಿಚಿತ್ರ, ತುಂಬಾ ಜನ ಇಲ್ಲೇ ಎಡವುತ್ತಾರೆ. ಈ ಗುರಾಣಿಗೆ 7 ಕಿ.ಮೀ. ವೇಗದ ಚೂರಿಗಿಂತ 3 ಕಿ.ಮೀ. ವೇಗದ್ದು ಜಾಸ್ತಿ ಅಪಾಯ. ನಿಧಾನದ ಚೂರು ಒಡೆಯುವುದಿಲ್ಲ, ಹೊರ ತಗಡನ್ನು ತೂರಿ ಇಡಿಯಾಗಿ ಬಂದು ಗೋಡೆಗೆ ಬಡಿಯುತ್ತದೆ. ಆದ್ದರಿಂದ ಅತಿ ಹೆಚ್ಚು ವೇಗಕ್ಕೆ ಮಾತ್ರ ಲೆಕ್ಕ ಹಾಕಿ ಬಿಡಬೇಡಿ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಹೆಚ್ಚು ಹೊಡೆತ ಬೀಳುವ ಕಡೆ ಎರಡು ಗೋಡೆಗಳ ನಡುವೆ ನೆಕ್ಸ್‌ಟೆಲ್ ಎಂಬ ಸೆರಾಮಿಕ್ ಬಟ್ಟೆಯನ್ನೂ ಕೆವ್ಲಾರ್ ಎಂಬ ಗಟ್ಟಿ ನಾರಿನ ಬಟ್ಟೆಯನ್ನೂ ತುಂಬಿದ್ದಾರೆ. ಅಲ್ಲಿ ಸುಮಾರು 1 ಸೆಂ.ಮೀ. ಚೂರಿನವರೆಗೂ ತಡೆಯಬಹುದು.

ಎಲ್ಲ ಕಡೆ ಸಮನಾಗಿ ಗುರಾಣಿ ಹಾಕುವುದು ದಂಡ. ಕಸ ಬಡಿಯುವುದು ಹೆಚ್ಚಾಗಿ ಮುಂದೆ ಮತ್ತು ಪಕ್ಕಗಳಲ್ಲಿ. ಇಂಧನದ ಟ್ಯಾಂಕು, ಬ್ಯಾಟರಿ, ಮುಖ್ಯ ವೈರುಗಳನ್ನು ಒಳಗೆ ಅಥವಾ ಹಿಂಬದಿಗೆ ಸರಿಸಿ. ವೈರು ಎರಡು ಜೊತೆ ಇದ್ದರೆ ಬೇರೆ ಬೇರೆ ದಾರಿಯಲ್ಲಿ ಎಳೆಯಿರಿ. ಪೈಪುಗಳನ್ನು ಮರೆಯಬೇಡಿ: 2022ರ ಡಿಸೆಂಬರ್‌ನಲ್ಲಿ ಸೋಯುಜ್ ಎಂಎಸ್-22 ನೌಕೆಯ ತಂಪುಕಾರಕವೆಲ್ಲ ಸೋರಿಹೋಯಿತು, ರೇಡಿಯೇಟರಿಗೆ ಪುಟ್ಟ ಉಲ್ಕಾಕಣ ಬಡಿದಿದೆ ಅಂತ ರಷ್ಯಾ ಹೇಳಿತು, ಕೊನೆಗೆ ಯಾತ್ರಿಗಳನ್ನು ಕರೆತರಲು ಇನ್ನೊಂದು ಖಾಲಿ ನೌಕೆಯನ್ನೇ ಕಳಿಸಬೇಕಾಯಿತು.

10 ಸೆಂ.ಮೀ.ಗಿಂತ ದೊಡ್ಡದಕ್ಕೆ ಯಾವ ಗುರಾಣಿಯೂ ನಿಲ್ಲುವುದಿಲ್ಲ, ಆದರೆ ಅವು ರೇಡಾರಿಗೆ ಕಾಣುತ್ತವೆ, ತಪ್ಪಿಸಿಕೊಳ್ಳಬಹುದು. ನಿಲ್ದಾಣಕ್ಕೆ ಡಿಕ್ಕಿಯ ಸಾಧ್ಯತೆ 10,000ಕ್ಕೆ ಒಂದು ದಾಟಿದರೆ ಸಾಮಾನ್ಯವಾಗಿ ಅದನ್ನು ಪಕ್ಕಕ್ಕೆ ಸರಿಸುತ್ತಾರೆ. ನಮ್ಮಲ್ಲಿ ಈ ಕಾವಲು ಕೆಲಸ ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೋ ಕೇಂದ್ರದ್ದು. 2023ರಲ್ಲಿ ಚಂದ್ರಯಾನ-3ರ ಉಡಾವಣೆಯನ್ನು ಇದೇ ಕಾರಣಕ್ಕೆ 4 ಸೆಕೆಂಡು ತಡ ಮಾಡಿದ್ದರು.

ಕಷ್ಟ ಇರುವುದು 1ರಿಂದ 10 ಸೆಂ.ಮೀ. ನಡುವಿನವುಗಳದ್ದು. ತಡೆಯೋಕೂ ಆಗಲ್ಲ, ಬಹುಪಾಲು ಕಾಣಿಸೋದೂ ಇಲ್ಲ. ಆ ಚೂರುಗಳು ಹೊಸದಾಗಿ ಹುಟ್ಟದ ಹಾಗೆ ನೋಡಿಕೊಳ್ಳುವುದಷ್ಟೇ ನಿಮ್ಮ ಕೈಲಿದೆ: ಕೆಲಸ ಮುಗಿದ ಮೇಲೆ ಉಪಗ್ರಹ ಸಿಡಿದು ಚೂರಾಗದಂತೆ ಟ್ಯಾಂಕಿನ ಇಂಧನವನ್ನೂ ಒತ್ತಡವನ್ನೂ ಪೂರ್ತಿ ಹೊರಹಾಕಿ, ಬ್ಯಾಟರಿ ಬರಿದು ಮಾಡಿ, ಸೌರಫಲಕದಿಂದ ಅದಕ್ಕೆ ಹೋಗುವ ಸಂಪರ್ಕ ಕಡಿದುಹಾಕಿ.