ಹನ್ನೊಂದು ತಿಂಗಳ ಕರಾರು: ಕಾಯ್ದೆಯನ್ನು ನೀವೇ ಓದುವುದು ಹೇಗೆ?

‘ಹನ್ನೊಂದು ತಿಂಗಳ ಕರಾರು ಮಾಡಿದರೆ ರಿಜಿಸ್ಟರ್ ಮಾಡಿಸುವುದು ಬೇಡ, ಕಾಯ್ದೆಯಲ್ಲೇ ಹಾಗಿದೆ.’ ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದೇನೋ! ಡೊಂಬಿವಲಿಯ ನಮ್ಮ ಪಕ್ಕದ ಮನೆಯವರು ಇದನ್ನೇ ನಂಬಿ, ಸ್ಟಾಂಪ್ ಪೇಪರಿನ ಮೇಲೆ ಸಹಿ ಹಾಕಿಸಿಕೊಂಡು ಫ್ಲ್ಯಾಟ್ ಬಾಡಿಗೆಗೆ ಕೊಟ್ಟರು. ಡಿಪಾಸಿಟ್ ವಾಪಸ್ ಕೊಡುವಾಗ ಲೆಕ್ಕದ ತಕರಾರು ಎದ್ದಿತು. ಆ ಕಾಗದ ಅವರ ಕೈ ಹಿಡಿಯಲಿಲ್ಲ. ಕಾಯ್ದೆಯ ಒಂದೇ ಒಂದು ಪುಟ ಮೊದಲೇ ಓದಿದ್ದರೆ ಸಾಕಿತ್ತು.

1. ಕೈಯಲ್ಲಿರುವುದು ಯಾವ ಕಾಗದ ಅಂತ ನೋಡಿ. ಇಲ್ಲಿ ಮರಾಠಿ ಪದಗಳು ನಮ್ಮನ್ನು ದಾರಿ ತಪ್ಪಿಸುತ್ತವೆ. ಅವರ ‘ಶಾಸನ’ ಅಂದರೆ ಸರ್ಕಾರ. ‘ಶಾಸನ ನಿರ್ಣಯ’ ಅಂದರೆ ಸರ್ಕಾರದ ಆದೇಶ, ಆಡುಮಾತಿನಲ್ಲಿ ಜಿಆರ್. ಅದು ಕಾಯ್ದೆಯಲ್ಲ. ಅವರ ‘ಮಸುದಾ’ ಬರೀ ಕರಡು. ನಮ್ಮ ಮಸೂದೆಗೆ ಅವರು ‘ವಿಧೇಯಕ’ ಅನ್ನುತ್ತಾರೆ, ಅದು ಪಾಸಾಗಿ ಕಾಯ್ದೆಯಾದರೆ ‘ಅಧಿನಿಯಮ’. ವಾಟ್ಸ್ಆ್ಯಪ್‌ನಲ್ಲಿ ಬರುವ ‘ಹೊಸ ಕಾಯ್ದೆ’ಯ ತಲೆಬರಹದಲ್ಲಿ ಇವುಗಳಲ್ಲಿ ಯಾವ ಪದ ಇದೆ ಅಂತ ಮೊದಲು ಹುಡುಕಿ.

2. ಜಾರಿಗೆ ಬಂದಿದೆಯಾ? ವಿಧೇಯಕವು 288 ಸದಸ್ಯರ ವಿಧಾನಸಭೆ, 78 ಸದಸ್ಯರ ವಿಧಾನ ಪರಿಷತ್ತು ಎರಡನ್ನೂ ದಾಟಿ, ರಾಜ್ಯಪಾಲರ (ಕೆಲವೊಮ್ಮೆ ರಾಷ್ಟ್ರಪತಿಯ) ಅಂಕಿತ ಪಡೆದು, ರಾಜ್ಯಪತ್ರದಲ್ಲಿ ಅಚ್ಚಾಗಬೇಕು. ಅಷ್ಟಾದರೂ ಜಾರಿಯ ದಿನ ಬೇರೆ ಇರಬಹುದು. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ ಹೆಸರಿನಲ್ಲಿ 1999 ಇದೆ, ಜಾರಿಯಾದದ್ದು 2000ದ ಮಾರ್ಚ್ 31ಕ್ಕೆ. ಫ್ಲ್ಯಾಟ್ ಕೊಳ್ಳುವವರ ರಕ್ಷಣೆಗೆಂದು ಬಂದ 2016ರ ರೇರಾ (ರಿಯಲ್ ಎಸ್ಟೇಟ್) ಕಾಯ್ದೆಯ ಎಷ್ಟೋ ಕಲಂಗಳು ಜಾರಿಯಾಗಲು 2017ರ ಮೇ 1 ಬಂತು.

3. ಕಲಂ ಅನ್ನು ಮೊದಲ ಪದದಿಂದ ಓದಿ. ಎಲ್ಲರೂ ಎಡವುವುದು ಇಲ್ಲೇ. ಹನ್ನೊಂದು ತಿಂಗಳ ಮಾತು ಸುಮ್ನೆ ಹುಟ್ಟಿದ್ದಲ್ಲ. 1908ರ ನೋಂದಣಿ ಕಾಯ್ದೆಯ 17ನೇ ಕಲಂ ಪ್ರಕಾರ, ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಗುತ್ತಿಗೆಗೆ ನೋಂದಣಿ ಕಡ್ಡಾಯ. ಹಾಗಾಗಿ ಹನ್ನೊಂದು ತಿಂಗಳು ತಪ್ಪಿಸಿಕೊಳ್ಳುತ್ತದೆ. ಸರಿ. ಈಗ ಮಹಾರಾಷ್ಟ್ರದ ಬಾಡಿಗೆ ಕಾಯ್ದೆಯ 55ನೇ ಕಲಂ ತೆಗೆಯಿರಿ. ಅದು ಶುರುವಾಗುವುದೇ ಹೀಗೆ: ಈ ಕಾಯ್ದೆಯಲ್ಲಾಗಲಿ, ಜಾರಿಯಲ್ಲಿರುವ ಬೇರೆ ಯಾವ ಕಾಯ್ದೆಯಲ್ಲಾಗಲಿ *ಏನೇ ಇದ್ದರೂ*. ಈ ಎರಡು ಪದಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. 1908ರ ಕಾಯ್ದೆ ಕೊಟ್ಟ ವಿನಾಯಿತಿ ಅಲ್ಲಿಗೆ ಮುಗಿಯಿತು. ಲೀವ್ ಅಂಡ್ ಲೈಸೆನ್ಸ್ (ಬಾಡಿಗೆಯ ಹಕ್ಕು ಕೊಡದೆ, ಇರಲು ಅನುಮತಿ ಮಾತ್ರ ಕೊಡುವ ಕರಾರು) ಇರಲಿ, ಬಾಡಿಗೆ ಇರಲಿ, ಕರಾರು ಬರಹದಲ್ಲಿರತಕ್ಕದ್ದು, ನೋಂದಣಿಯಾಗತಕ್ಕದ್ದು. ತಿಂಗಳ ಲೆಕ್ಕವೇ ಅಲ್ಲಿಲ್ಲ.

ಅಲ್ಲಿಗೆ ನಿಲ್ಲಿಸಬೇಡಿ, ಉಪಕಲಂಗಳನ್ನೂ ಓದಿ. ಎರಡನೆಯದು ನೋಂದಣಿಯ ಹೊಣೆಯನ್ನು ಮನೆ ಮಾಲೀಕರ ಮೇಲೆ ಹಾಕುತ್ತದೆ. ನೋಂದಣಿಯಾದ ಕರಾರು ಇಲ್ಲದಿದ್ದರೆ, ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ನಡೆಯುತ್ತದೆ, ತಪ್ಪೆಂದು ಸಾಬೀತಾಗುವವರೆಗೆ. ನಮ್ಮ ಪಕ್ಕದ ಮನೆಯವರು ಸಿಕ್ಕಿಬಿದ್ದದ್ದು ಈ ಸಾಲಿನಲ್ಲಿ. ಮೂರನೆಯದರಲ್ಲಿ ಶಿಕ್ಷೆ: ಮಾಲೀಕರಿಗೆ ಮೂರು ತಿಂಗಳವರೆಗೆ ಸೆರೆ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

‘ತಕ್ಕದ್ದು’ ಇದ್ದರೆ ಮಾಡಲೇಬೇಕು. ‘ಬಹುದು’ ಇದ್ದರೆ ಆಯ್ಕೆ. ‘ಪರಂತು’ ಅಂತ ಶುರುವಾಗುವ ಸಾಲು ಮೇಲೆ ಹೇಳಿದ್ದಕ್ಕೆ ವಿನಾಯಿತಿ ತರುತ್ತದೆ. ಅದನ್ನು ಮರಾಠಿಯಲ್ಲೂ ಕನ್ನಡದಲ್ಲೂ ಪರಂತುಕ ಅನ್ನುತ್ತಾರೆ, ಅಷ್ಟು ಅನುಕೂಲ ನಮಗಿದೆ ಅಲ್ವಾ?

4. ವ್ಯಾಖ್ಯೆಗಳ ಕಲಂ ಮತ್ತು ಆ ಕಾಯ್ದೆಯ ಕೆಳಗಿನ ನಿಯಮಗಳನ್ನು ಒಮ್ಮೆ ನೋಡಿ.

‘ಸುಲಭ ಕಾನೂನು’ ಗೈಡ್‌ಗಳನ್ನು ಕೊಳ್ಳಬೇಡಿ. ಪುಟ ಉಳಿಸಲು ಅವು ಮೊದಲು ಕತ್ತರಿಸುವುದೇ ‘ಏನೇ ಇದ್ದರೂ’ ಮತ್ತು ‘ಪರಂತು’ ಸಾಲುಗಳನ್ನು. ಸರ್ಕಾರದ ಇಂಡಿಯಾ ಕೋಡ್ ಜಾಲತಾಣದಲ್ಲಿ ಮೂಲ ಕಾಯ್ದೆ ಪುಕ್ಕಟೆ ಸಿಗುತ್ತದೆ. ಬೇಕಾದ ಪುಟವನ್ನು ಅಚ್ಚು ಹಾಕಿಸಿಕೊಳ್ಳಿ, ಫೋನಿನಲ್ಲಿ ಓದಿದರೆ ಅರ್ಧ ಜಾರಿಹೋಗುತ್ತದೆ. ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿರುವ ತಿದ್ದುಪಡಿಯ ಟಿಪ್ಪಣಿಗಳನ್ನು ಬಿಡಬೇಡಿ.

ಇನ್ನು ಲೀವ್ ಅಂಡ್ ಲೈಸೆನ್ಸ್ ಕರಾರಿನ ನೋಂದಣಿ ಇಲ್ಲಿ ಆನ್‌ಲೈನ್‌ನಲ್ಲೇ ಆಗುತ್ತದೆ, ಹೆಬ್ಬೆಟ್ಟು ಒತ್ತಿ ಆಧಾರ್ ತಾಳೆ ಹಾಕಿದರಾಯಿತು. ಮುಗಿದ ಮೇಲೆ ‘ಇಂಡೆಕ್ಸ್ ಟೂ’, ಅಂದರೆ ನೋಂದಣಿಯ ಸಾರಾಂಶ ಪತ್ರದ ಪ್ರತಿ ಕೇಳಿ ಪಡೆಯಿರಿ. ಅದನ್ನು ಕರಾರಿನ ಜೊತೆಗೇ ಫೈಲಿನಲ್ಲಿಡಿ.