ಟ್ರಿನಿಡಾಡ್‌ಗೆ ಹೋಗ್ತಿದ್ದೀರಾ? ಬೀಚ್‌ನಲ್ಲೇ ಕಾಲ ಕಳೀಬೇಡಿ

ಕೆರಿಬಿಯನ್ ಅಂದ್ರೆ ಬರೀ ಬೀಚ್ ಅಂದುಕೊಂಡು ಹೋಗುವವರಿಗೆ ಈ ಮಾತು. ಒಂದು ಸಂಜೆ ಕರೋನಿ ಜೌಗು ಪ್ರದೇಶಕ್ಕೆ ಮೀಸಲಿಡಿ. ಮಧ್ಯಾಹ್ನ 4ರ ಹೊತ್ತಿಗೆ ದೋಣಿಗಳು ಹೊರಡುತ್ತವೆ. ಕಾಂಡ್ಲಾ (ಮ್ಯಾಂಗ್ರೋವ್) ಮರಗಳ ನಡುವೆ ಸಾಗಿ, ಅಗಲವಾದ ನೀರಲ್ಲಿ ಎಂಜಿನ್ ನಿಲ್ಲಿಸಿ ಕಾಯುತ್ತಾರೆ. ಹೊತ್ತು ಮುಳುಗುವಾಗ ಸ್ಕಾರ್ಲೆಟ್ ಐಬಿಸ್ ಎಂಬ ಕಡುಗೆಂಪು ಹಕ್ಕಿಗಳು ಗುಂಪು ಗುಂಪಾಗಿ ಗೂಡಿಗೆ ಮರಳುತ್ತವೆ. ಹಸಿರು ಮರದ ತುಂಬಾ ಕುಂಕುಮ ಚೆಲ್ಲಿದ ಹಾಗೆ! ಬೈನಾಕ್ಯುಲರ್ ಮರೀಬೇಡಿ, ಹಕ್ಕಿಗಳು ದೂರದಲ್ಲೇ ಕೂರುತ್ತವೆ. ಸೊಳ್ಳೆ ಕ್ರೀಮ್ ಕೂಡ ಬೇಕೇ ಬೇಕು.

ಬೆಳಗಿನ ತಿಂಡಿಗೆ ರಸ್ತೆಬದಿಯ ಡಬಲ್ಸ್ ತಿನ್ನಿ. ಎರಡು ಮೆತ್ತನೆಯ ಬಾರಾ (ಕರಿದ ರೊಟ್ಟಿ), ನಡುವೆ ಕಡಲೆ ಪಲ್ಯ, ಸಸ್ಯಾಹಾರಿಗಳಿಗೂ ಸರಿ. ಖಾರಕ್ಕೆ 'ಸ್ಲೈಟ್' (ಸ್ವಲ್ಪವೇ) ಅನ್ನಿ ಸಾಕು. ಅವರ ಪೆಪ್ಪರ್ ಸಾಸ್ ನಮ್ಮ ಬ್ಯಾಡಗಿಗಿಂತ ಎಷ್ಟೋ ಜಾಸ್ತಿ ಖಾರ.

ವಾಟರ್‌ಲೂನ ಸಮುದ್ರದೊಳಗಿನ ಗುಡಿಯನ್ನೂ ನೋಡಿ. ಸಕ್ಕರೆ ಕಂಪನಿಯ ಜಾಗದಲ್ಲಿ ಕಟ್ಟಿದ್ದ ಗುಡಿಯನ್ನು ಕೆಡವಿದಾಗ, ಸಿವ್‌ದಾಸ್ ಸಾಧು ಎಂಬ ಕೂಲಿಯವರು ಸೈಕಲ್‌ನಲ್ಲಿ ಸಾಮಾನು ಹೊತ್ತು ನೀರೊಳಗೇ ಕಟ್ಟಿದರು. ಅಲ್ಲಿ ನಿಂತಾಗ ಮನಸ್ಸು ತುಂಬಿ ಬರುತ್ತೆ.

ಇನ್ನೊಂದು ವಿಷಯ: ಮಿಲಿಟರಿ ಡಿಸೈನ್‌ನ (ಕ್ಯಾಮಫ್ಲಾಜ್) ಬಟ್ಟೆ ಒಯ್ಯಬೇಡಿ, ಅಲ್ಲಿ ಅದಕ್ಕೆ ಕಾನೂನಿನ ನಿಷೇಧವಿದೆ. ಮಕ್ಕಳ ಪ್ಯಾಂಟು, ಟೋಪಿಯನ್ನೂ ಒಮ್ಮೆ ನೋಡಿಕೊಳ್ಳಿ.