ಬ್ರಾಹ್ಮೀ ಘೃತ: ಹದ ಮತ್ತು ಮಿತಿ

ಬ್ರಾಹ್ಮೀ ಘೃತಕ್ಕೆ, ಅಂದರೆ ಬ್ರಾಹ್ಮಿಯ ರಸದಲ್ಲಿ ಕಾಯಿಸುವ ಮದ್ದಿನ ತುಪ್ಪಕ್ಕೆ, ಕೈ ಹಾಕುವ ಮೊದಲು ಸೊಪ್ಪು ಯಾವುದೆಂದು ತೀರ್ಮಾನವಾಗಬೇಕು. ಮಲೆನಾಡಿನಲ್ಲಿ ಬ್ರಾಹ್ಮಿ ಎಂದರೆ ತಂಬುಳಿಗೆ ಹಾಕುವ ಒಂದೆಲಗ; ಅದು ಮಂಡೂಕಪರ್ಣಿ. ನಾನು ಬಳಸುವುದು ಜೌಗಿನಲ್ಲಿ ಹಬ್ಬುವ, ದಪ್ಪ ಪುಟ್ಟ ಎಲೆಯ ನೀರುಬ್ರಾಹ್ಮಿ. ಕೊಳಚೆ ಹರಿಯುವ ಕಡೆ ಬೆಳೆದದ್ದನ್ನು ಮುಟ್ಟುವುದಿಲ್ಲ, ನೀರಿನಲ್ಲಿರುವ ಭಾರಲೋಹವನ್ನು ಈ ಗಿಡ ಚೆನ್ನಾಗಿಯೇ ಹೀರಿಕೊಳ್ಳುತ್ತದೆ.

ಚರಕಸಂಹಿತೆಯ ಅಪಸ್ಮಾರ (ಮೂರ್ಛೆರೋಗ) ಅಧ್ಯಾಯದ ಯೋಗ, ಅಂದರೆ ಮದ್ದಿನ ಪಟ್ಟಿ, ಚಿಕ್ಕದು: ಬ್ರಾಹ್ಮೀ ರಸ, ಬಜೆ, ಕೋಷ್ಟ, ಶಂಖಪುಷ್ಪಿ, ಹಳೆಯ ತುಪ್ಪ. ಹಳೆಯ ತುಪ್ಪ ನಂಬಿಕೆಯ ಕಡೆ ಸಿಗದಿದ್ದರೆ ಬೆಣ್ಣೆ ಕಾಯಿಸಿದ ಹಸುವಿನ ತುಪ್ಪವನ್ನೇ ಹಾಕುತ್ತೇನೆ. ಅರ್ಧ ಕಿಲೋ ತುಪ್ಪಕ್ಕೆ ನಾಲ್ಕು ಪಟ್ಟು, ಅಂದರೆ ಎರಡು ಲೀಟರ್ ರಸ. ಕಲ್ಕ, ಅಂದರೆ ಅರೆದ ಮದ್ದಿನ ಮುದ್ದೆ, ಸಾಮಾನ್ಯವಾಗಿ ತುಪ್ಪದ ಕಾಲು ಭಾಗ. ದ್ರವ ಸ್ವರಸ, ಅಂದರೆ ಹಸಿ ಸೊಪ್ಪು ಹಿಂಡಿದ ರಸ, ಆದಾಗ ಎಂಟನೇ ಒಂದು ಸಾಕು. ಹಾಗಾಗಿ ಬಜೆ, ಕೋಷ್ಟ, ಶಂಖಪುಷ್ಪಿ ಮೂರೂ ತಲಾ 21 ಗ್ರಾಂ. ಗ್ರಂಧಿಗೆ ಅಂಗಡಿಯ ಪುಡಿ ತರುವುದಿಲ್ಲ. ಇಡಿಯ ಬೇರು ತಂದು, ಕುಟ್ಟಿ, ನೀರು ಚಿಮುಕಿಸಿ ಚಟ್ನಿಯ ಹಾಗೆ ಅರೆಯುತ್ತೇನೆ. ಒಣ ಪುಡಿಯನ್ನೇ ಸುರಿದರೆ ತಳ ಹಿಡಿಯುತ್ತದೆ, ಕೊನೆಗೆ ಬಟ್ಟೆಯಲ್ಲೂ ನುಸುಳುತ್ತದೆ.

ಪಾತ್ರೆ ಅಗಲ ಬಾಯಿಯದು, ದಪ್ಪ ತಳದ ಸ್ಟೀಲು, ಆರು ಲೀಟರಿಗೆ ಕಡಿಮೆ ಬೇಡ. ನೊರೆ ಉಕ್ಕಿದರೆ ಒಲೆಗೆ ಹೋಗುವುದು ತುಪ್ಪವೇ. ತುಪ್ಪ ಕರಗಿಸಿ, ಕಲ್ಕ ಸೇರಿಸಿ, ಆಮೇಲೆ ರಸ. ಒಂದೇ ದಿನಕ್ಕೆ ಮುಗಿಸುವುದಿಲ್ಲ. ಸ್ವರಸಕ್ಕೆ ಮೂರು ರಾತ್ರಿ ಎಂಬುದು ರೂಢಿ: ದಿನಕ್ಕಿಷ್ಟು ಹೊತ್ತು ಸಣ್ಣ ಉರಿಯಲ್ಲಿ ಕುದಿಸಿ ಆರಿಸಿ ಮುಚ್ಚುವುದು. ಮಳೆಗಾಲದಲ್ಲಿ ಮಾತ್ರ ರಾತ್ರಿ ಮಲಗುವ ಮುನ್ನ ಇನ್ನೊಂದು ಕುದಿ ಬರಿಸಲೇಬೇಕು, ಇಲ್ಲವಾದರೆ ಬೆಳಗ್ಗೆ ಹುಳಿ ವಾಸನೆ.

ಮೂರನೇ ದಿನದ ಕೊನೆಯ ಅರ್ಧ ಗಂಟೆ ಒಲೆ ಬಿಟ್ಟು ಕದಲಬಾರದು. ನೀರಿರುವ ತನಕ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ನೀರು ತೀರಿತೆಂದರೆ ಸರ್ರನೆ ಏರುತ್ತದೆ. ಸೌಟಿಗೆ ಅಂಟುತ್ತಿದ್ದ ಕಲ್ಕ ಬಿಡಿಸಿಕೊಳ್ಳತೊಡಗಿದಾಗ ಚಿಟಿಕೆ ತೆಗೆದು ಬೆರಳಲ್ಲಿ ಹೊಸೆದು ನೋಡುತ್ತೇನೆ. ಬತ್ತಿ ಬಂದರೂ ಒಳಗೆ ಮೆತ್ತಗೆ ಇದ್ದರೆ ಮೃದು ಪಾಕ, ನಸ್ಯಕ್ಕೆ, ಅಂದರೆ ಮೂಗಿಗೆ ಬಿಡುವುದಕ್ಕೆ, ಹೇಳಿದ್ದು. ಕೈಗೆ ಅಂಟದೆ ಗಟ್ಟಿ ಬತ್ತಿಯಾಗಿ, ದೀಪಕ್ಕೆ ಹಿಡಿದಾಗ ಚಟಪಟ ಅನ್ನದೆ ಉರಿದರೆ ಮಧ್ಯಮ ಪಾಕ. ಕುಡಿಯುವ ತುಪ್ಪಕ್ಕೆ ಇದೇ ಹದ. ಪುಡಿಪುಡಿಯಾದರೆ ಖರ ಪಾಕ, ಮೈಗೆ ಹಚ್ಚಲು ಮಾತ್ರ. ಕಲ್ಕ ಕರಕಲಾಗಿ ಸುಟ್ಟ ನಾತ ಬಂದರೆ ಯಾವುದಕ್ಕೂ ಬೇಡ, ಚೆಲ್ಲಿಬಿಡಿ. ಇನ್ನೊಂದು ಗುರುತು ನೊರೆ: ಎಣ್ಣೆಯ ಪಾಕ ಮುಗಿಯುವಾಗ ನೊರೆ ಏಳುತ್ತದೆ, ತುಪ್ಪದ್ದು ಅಡಗುತ್ತದೆ. ಎಣ್ಣೆ ಕಾಯಿಸಿ ಅಭ್ಯಾಸವಾದವರು ಇಲ್ಲೇ ಎಡವಿ ಸುಡುವುದು.

ಹದ ಬಂದ ಕೂಡಲೇ ಇಳಿಸಿ, ಬಿಸಿ ಇರುವಾಗಲೇ ಒಣ ಬಟ್ಟೆಯಲ್ಲಿ ಸೋಸುತ್ತೇನೆ. ಜಾಸ್ತಿ ಹಿಂಡಿದರೆ ಗಸಿಯೂ ಇಳಿಯುತ್ತದೆ. ಕಲ್ಕ ಹೀರಿದ್ದು ಕಳೆದು ಅರ್ಧ ಕಿಲೋ ಪೂರ್ತಿ ವಾಪಸು ಬರುವುದಿಲ್ಲ, ಬರಲಿ ಎಂದು ಹಟ ಹಿಡಿಯಬಾರದು. ಬಾಟಲಿ ಒಣಗಿರಬೇಕು, ಚಮಚದಲ್ಲಿ ಹನಿ ನೀರಿದ್ದರೂ ಬೂಷ್ಟು ಬರಲು ಅಷ್ಟು ಸಾಕು.

ಇದು ಊಟದ ತುಪ್ಪವಲ್ಲ. ವಯಸ್ಕರಿಗೆ ನಾನು ಶುರು ಮಾಡುವುದು ಒಂದು ಚಮಚದಿಂದ, ಅಂದರೆ 5 ಗ್ರಾಂ; ಬೆಳಗ್ಗೆ ಹಸಿವಾದ ಮೇಲೆ, ಬಿಸಿ ನೀರಿನ ಜೊತೆ. ಹಸಿವಿಲ್ಲದಿದ್ದರೆ, ನಾಲಿಗೆ ಮೇಲೆ ದಪ್ಪ ಲೇಪವಿದ್ದರೆ, ಜ್ವರ, ಭೇದಿ ಇದ್ದರೆ ಆ ದಿನ ಇಲ್ಲ. ಪಿತ್ತಕೋಶದ ಕಲ್ಲು, ಯಕೃತ್ತಿನ ಕಾಯಿಲೆ, ರಕ್ತದಲ್ಲಿ ಕೊಬ್ಬು ಏರಿದವರು ವೈದ್ಯರು ಪರೀಕ್ಷಿಸದೆ ಮುಟ್ಟಬಾರದು. ಬಜೆಯಲ್ಲಿರುವ ಬೀಟಾ-ಅಸರೋನ್ ಪ್ರಾಣಿಗಳಲ್ಲಿ ಗಡ್ಡೆ ತರಿಸಿದೆ. ಅದಕ್ಕೇ ಗರ್ಭಿಣಿಯರಿಗೆ ಕೊಡುವುದಿಲ್ಲ, ವರ್ಷಗಟ್ಟಲೆ ಮುಂದುವರಿಸುವುದೂ ಇಲ್ಲ. ಹಸುಗೂಸಿಗೆ ಬಜೆ ತೇಯ್ದು ನೆಕ್ಕಿಸುವ ರೂಢಿಯನ್ನೂ ನಾನು ಒಪ್ಪುವವನಲ್ಲ. ಮಗುವನ್ನು ಮಲಗಿಸಿ ಬಾಯಿಗೋ ಮೂಗಿಗೋ ತುಪ್ಪ ಹೊಯ್ಯುವುದಂತೂ ಅಪಾಯವೇ ಸರಿ: ಜಿಡ್ಡು ಶ್ವಾಸಕೋಶಕ್ಕೆ ಇಳಿದರೆ ಕೆಮ್ಮಿ ಹೊರಹಾಕಲಾಗದು, ನ್ಯುಮೋನಿಯಾ ಆಗುತ್ತದೆ.

ಮೂರ್ಛೆರೋಗದವರು ಘೃತ ತೆಗೆದುಕೊಳ್ಳುತ್ತಿದ್ದೇವೆಂದು ಮಾತ್ರೆ ನಿಲ್ಲಿಸಕೂಡದು. ಒಂದೆರಡು ದಿನ ತಪ್ಪಿದರೂ ಸೆಳವು ಮರುಕಳಿಸಬಹುದು. ನರರೋಗ ತಜ್ಞರಿಗೆ ಈ ತುಪ್ಪದ ವಿಷಯ ಮೊದಲೇ ಹೇಳಿರಬೇಕು.